ನಾಲ್ಕು ಗೋಡೆ, ನಾಲ್ಕು ಬೆಟ್ಟ

ಮೊನ್ನೆ ಲ್ಯಾಬಿನಿಂದ ಸೋತು ಬಂದು ಜಪಾನಿನ ಕಾಶಿವಾ ಊರಿನ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತುವಾಗ, ಖಾಲಿಯಾದ ಪಕ್ಕದ ಮನೆಯಿಂದ ಬಿಳಿ ಪೇಂಟಿನ ಹಸಿ ವಾಸನೆ ಬಂತು. ಬೀಗ ತೆಗೆಯಲೂ ಕೈ ಏಳದೆ ಬಾಗಿಲಿಗೊರಗಿ ನಿಂತೆ. ನೆನಪಾದದ್ದು ಒಕಾಜಾಕಿ, ಅಪ್ಪ ಸಂಶೋಧನೆಗೆಂದು ಬಂದು ನೆಲೆಸಿದ ಊರು, ನಾನು ಬೆಳೆದ ಹಳೆಯ ಕ್ವಾರ್ಟರ್ಸು. ಅಂಥ ಕಡೆ ಬೆಳೆದವರಿಗೆ ಗೊತ್ತಿರುತ್ತದೆ, ಅಕ್ಕಪಕ್ಕದವರು ನಮ್ಮವರಾಗುವಷ್ಟರಲ್ಲಿ ಅವರು ಹೊರಡುವ ದಿನ ಬಂದಿರುತ್ತದೆ.

ನಮ್ಮ ಕೆಳಗಿನ ಮನೆಯಲ್ಲಿ ವಿಜ್ಞಾನಿ ಮಿಚಿಕೊ ಸಾನ್, ಅಂದರೆ ಮಿಚಿಕೊ ಅವರು, ಮತ್ತು ಅವರ ಗಂಡ ಲಿಯೋ ಇದ್ದರು. ಲಿಯೋ ಅಮೆರಿಕದ ನವಾಹೋ ಜನಾಂಗದವರು, ಚಿತ್ರಕಾರರು. ಆದರೆ ಜಪಾನಿಗೆ ಬಂದಮೇಲೆ ಕುಂಚ ಮುಟ್ಟಿರಲಿಲ್ಲ. ಕ್ಯಾನ್ವಾಸುಗಳೆಲ್ಲ ಗೋಡೆಗೆ ಮುಖ ಮಾಡಿ ನಿಂತಿದ್ದವು. ಮಿಚಿಕೊ ಸಾನ್ ಬಸುರಿಯಾದಾಗ ಹೆರಿಗೆ, ಬಾಣಂತನ ಲಿಯೋ ಅವರ ಊರಲ್ಲೇ ಎಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ಡಾಕ್ಟರು ವಿಮಾನ ಹತ್ತಲೇಬಾರದು ಎಂದುಬಿಟ್ಟರು. ಆ ದಿನ ಲಿಯೋ ನಮ್ಮ ಅಡುಗೆಮನೆಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದರು. ಅವರ ಇಂಗ್ಲಿಷ್ ಮಾತು ಅದೇಕೋ ನನಗೆ ಅಮ್ಮನ ಕನ್ನಡದಲ್ಲೇ ನೆನಪಿದೆ. "ನಮ್ ನೆಲಕ್ಕೆ ನಾಲ್ಕ್ ದಿಕ್ಕಲ್ಲೂ ದೇವರ ಬೆಟ್ಟ ಇದೆ. ಮಗು ಅವುಗಳ ನಡುವೆ ಹುಟ್ಲಿ ಅಂತ ನಮ್ಮಮ್ಮ ಕಾಯ್ತಿದ್ಲು."

ಅಮ್ಮ ಒಗ್ಗರಣೆ ಸೌಟು ಕೆಳಗಿಟ್ಟು, "ಹೋಗಕ್ಕಾಗ್ದಿದ್ರೆ ಏನಂತೆ ಲಿಯೋ ಸಾನ್, ಆ ಬೆಟ್ಟ ಇಲ್ಲೇ ಬರೀರಿ. ರೂಮಿಗೂ ನಾಲ್ಕು ಗೋಡೆ ಇದ್ಯಲ್ಲ" ಎಂದಳು. ಲಿಯೋ ಊರಿಗೆ ಫೋನ್ ಮಾಡಿ ಬರೆಯಬಹುದೇ ಎಂದು ತಾಯಿಯನ್ನು ಕೇಳಿದರು. ಪೂಜೆಗೆ ಬರೆಯುವಂಥ ಚಿತ್ರ ಬೇಡ, ಬೆಟ್ಟ ಕಣ್ಣಿಗೆ ಕಂಡ ಹಾಗೆ ಬರಿ ಎಂದರಂತೆ ಆ ಮುದುಕಿ. ಮರುದಿನವೇ ಲಿಯೋ ತಮ್ಮ ಕೋಣೆಯ ಗೋಡೆಗಳ ಮೇಲೆ ಶುರುಮಾಡಿದರು. ಪೂರ್ವಕ್ಕೆ ಬೆಳಗಿನ ಬಿಳುಪಿನ ಬೆಟ್ಟ, ದಕ್ಷಿಣಕ್ಕೆ ಹಸಿರುನೀಲಿ, ಪಶ್ಚಿಮಕ್ಕೆ ಸಂಜೆಯ ಹಳದಿ, ಉತ್ತರಕ್ಕೆ ಕಪ್ಪು. ಸ್ಕೂಲಿಂದ ಬಂದವಳೇ ಶೂ ಬಿಚ್ಚಿ ಅಲ್ಲಿಗೆ ಓಡುತ್ತಿದ್ದೆ. ಮಗು ಹುಟ್ಟಿದ್ದು ಆಸ್ಪತ್ರೆಯಲ್ಲೇ. ಆದರೆ ಹೆಣ್ಣು ಕೂಸು ಮನೆಗೆ ಬಂದು ಮಲಗಿದ್ದು ಆ ಬೆಟ್ಟಗಳ ನಡುವೆ. ಅಮ್ಮ ಎಣ್ಣೆ ಒತ್ತಿ ನೀರು ಹಾಕುತ್ತಿದ್ದಳು. ಕೊಬ್ಬರಿ ಎಣ್ಣೆ, ಹಾಲು, ಬಣ್ಣ ಎಲ್ಲ ಬೆರೆತ ಆ ಕೋಣೆಯ ಬೆಚ್ಚನೆಯ ಹಿತ ಆಮೇಲೆ ಯಾವ ಮನೆಯಲ್ಲೂ ನನಗೆ ಸಿಗಲಿಲ್ಲ.

ಕೂಸು ಅಂಬೆಗಾಲಿಡುವ ಹೊತ್ತಿಗೆ ಮಿಚಿಕೊ ಸಾನ್ ಕೆಲಸದ ಅವಧಿ ಮುಗಿಯಿತು. ಕ್ವಾರ್ಟರ್ಸಿನ ಗೋಡೆ ಮೊದಲಿದ್ದ ಹಾಗೆ ಬಿಳಿಯಾಗಿಯೇ ಒಪ್ಪಿಸಬೇಕು. ಲಿಯೋ ತಾವೇ ರೋಲರ್ ಹಿಡಿದರು. "ಅಯ್ಯೋ, ಒಂದನ್ನಾದ್ರೂ ಬಿಡಿ" ಎಂದು ಅಮ್ಮ ಗೋಗರೆದಳು. "ಬೆಟ್ಟ ಅಲ್ಲೇ ಇದ್ಯಲ್ಲ, ಅಲ್ಲಿಗೇ ಹೊರಟಿದೀವಿ" ಎಂದು ಅವರು ನಕ್ಕರು. ಹೋಗುವವರ ನಗು ಅದು. ಅಮ್ಮನಿಗೆ ನಗು ಬರಲಿಲ್ಲ. ಕಪ್ಪು ಬೆಟ್ಟ ಎಷ್ಟು ಬಳಿದರೂ ಪೂರ್ತಿ ಮುಚ್ಚದೆ ಬೂದುಬಣ್ಣವಾಗಿ ಉಳಿಯಿತು. ಆಮೇಲೆ ಬಂದವರು ಅಲ್ಲಿ ಬೀರು ಇಟ್ಟುಕೊಂಡರು.

ಅವರು ಹೋದ ದಿನ ಸಂಜೆ ಅಮ್ಮ ಬಾಲ್ಕನಿಯಲ್ಲಿ ಬಟ್ಟೆ ಮಡಚುತ್ತಾ ನಿಂತವಳು, "ಇಲ್ಲಿಂದ ನಮ್ ಚಾಮುಂಡಿ ಬೆಟ್ಟ ಯಾವ್ ಕಡೆ ಬರತ್ತೆ ಪುಟ್ಟಿ?" ಎಂದು ಕೇಳಿದಳು. "ಶಿರನಾಯ್" ಎಂದೆ, ಗೊತ್ತಿಲ್ಲ ಎಂದು, ಜಪಾನಿಯಲ್ಲಿ. ಒಳಗಿಂದ ಅಪ್ಪ, "ಪಶ್ಚಿಮಕ್ಕೆ ಕಣೇ" ಎಂದರು. ಆ ಕಡೆ ಎದುರು ಕಟ್ಟಡ ಬಿಟ್ಟರೆ ಇನ್ನೇನೂ ಕಾಣುತ್ತಿರಲಿಲ್ಲ. ಅಮ್ಮ ಮಡಚಿದ ಬಟ್ಟೆಯನ್ನು ಎದೆಗೆ ಒತ್ತಿಕೊಂಡು, ಕತ್ತಲಾಗುವವರೆಗೂ ಆ ಕಡೆಯೇ ನೋಡುತ್ತಾ ನಿಂತಿದ್ದಳು.