ಅಕ್ಕ ಹೇಳಿದ್ದು, ನಾನು ಹೇಳಿದ್ದು

ನನಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕ ಹುಟ್ಟುವಾಗಲೇ ಅವಳ ಮೇಲ್ದುಟಿ, ಅಂಗುಳು ಎರಡೂ ಸೀಳಿದ್ದವು. ತುಟಿಯನ್ನು ಹಸುಗೂಸಾಗಿದ್ದಾಗಲೇ ಮಂಗಳೂರಿನಲ್ಲಿ ಹೊಲಿದಿದ್ದರು. ಅಂಗುಳು ಮಾತ್ರ ಪೂರ್ತಿ ಮುಚ್ಚಿರಲಿಲ್ಲ. ಗಂಜಿ ಕುಡಿದರೆ ಮೂಗಿನಿಂದ ಬರುತ್ತಿತ್ತು, ಮಾತಾಡಿದರೆ ಅರ್ಧ ಉಸಿರು ಮೂಗಿಗೇ ಹೋಗುತ್ತಿತ್ತು. ಅವಳು ಹೇಳಿದ್ದು ಹೊರಗಿನವರಿಗೆ ಅರ್ಥವಾಗುತ್ತಿರಲಿಲ್ಲ. ನನಗೆ ಒಂದಕ್ಷರವೂ ತಪ್ಪುತ್ತಿರಲಿಲ್ಲ. ನಾನು ಮಾತು ಕಲಿತದ್ದೇ ಅವಳಿಂದ.

ಅದಕ್ಕೇ ಅವಳನ್ನು ಎರಡು ವರ್ಷ ತಡೆದು, ನನ್ನ ಜೊತೆಗೆ ಒಂದನೇ ಕ್ಲಾಸಿಗೆ ಸೇರಿಸಿದರು. ಹಾಜರಿ ಕರೆಯುವಾಗ ನಾನು ಎರಡು ಸಲ ಓಗೊಡುತ್ತಿದ್ದೆ. ಕಡಬ ಪೇಟೆಯ ಅಂಗಡಿಗಳಲ್ಲಿ, ಮನೆಗೆ ಬರುವ ಜೀಪಿನಲ್ಲಿ, ಅವಳು ನನ್ನ ಕಿವಿಯಲ್ಲಿ ಹೇಳಿದ್ದನ್ನು ನಾನು ದೊಡ್ಡದಾಗಿ ಹೇಳುತ್ತಿದ್ದೆ.

ನಾಲ್ಕನೇ ಕ್ಲಾಸಿನಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವಕ್ಕೆ ಪದ್ಯ ಯಾರು ಹೇಳುತ್ತೀರಿ ಎಂದು ಟೀಚರ್ ಕೇಳಿದರು. ಅಕ್ಕ ಕೈ ಎತ್ತಿದಳು. ಪುಸ್ತಕದ ಪದ್ಯಗಳೆಲ್ಲ ಅವಳಿಗೆ ಬಾಯಿಪಾಠ. ಪಾತ್ರೆ ತೊಳೆಯುತ್ತ ದಿನವೂ ಗಟ್ಟಿಯಾಗಿ ಹೇಳುತ್ತಿದ್ದಳು. ಈ ಸಲ ಅವಳು ನನ್ನ ಕಿವಿಗೆ ಬಗ್ಗಲಿಲ್ಲ. ಎದ್ದು ನಿಂತು ಟೀಚರಿಗೇ ನೇರವಾಗಿ, ತಾನು ಹೇಳುತ್ತೇನೆ, ಇಡೀ ಪದ್ಯ ಬರುತ್ತದೆ ಎಂದಳು. ಹಿಂದಿನ ಬೆಂಚಿನಲ್ಲಿ ಯಾರೋ ಮೂಗಿನಲ್ಲಿ ಅದನ್ನೇ ಅಣಕಿಸಿದರು.

ಟೀಚರ್ ನನ್ನನ್ನು ನೋಡಿದರು. "ಎಂತ ಹೇಳುದು ಅವಳು?"

"ನೀರು ಕುಡಿಲಿಕ್ಕೆ ಹೋಗ್ಬೇಕಂತೆ, ಟೀಚರ್."

ಹೋಗಿ ಬಾ ಎಂದರು ಅವರು. ಅಕ್ಕ ಅಲ್ಲವೆಂದು ತಲೆ ಅಲ್ಲಾಡಿಸಬಹುದಿತ್ತು. ಪುಸ್ತಕ ತೆರೆದು ಪದ್ಯಕ್ಕೆ ಬೆರಳಿಡಬಹುದಿತ್ತು. ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೊರಗೆ ಹೋಗಿ ನಲ್ಲಿಗೆ ಕೈಯೊಡ್ಡಿ ನಿಜವಾಗಿಯೂ ನೀರು ಕುಡಿದು, ಮೂಗು ಒರೆಸಿಕೊಂಡು ಬಂದು ಕುಳಿತಳು.

ಆಮೇಲೆ ಅವಳು ಕೈ ಎತ್ತಿದ್ದನ್ನು ನಾನು ನೋಡಲಿಲ್ಲ. ಪಾತ್ರೆ ತೊಳೆಯುವಾಗಲೂ ಸುಮ್ಮನಿರುತ್ತಿದ್ದಳು. ಏನು ಬೇಕೆಂದು ಕೇಳಿದರೆ ಏನೂ ಬೇಡ ಎಂದು ಕೈ ಆಡಿಸುವಳು. ಮಗಳು ಹಠ ಬಿಟ್ಟಳು, ಎಲ್ಲದಕ್ಕೂ ಹೊಂದಿಕೊಂಡಳು ಎಂದು ಅಮ್ಮ ನೆಂಟರ ಹತ್ತಿರ ಸಮಾಧಾನದಿಂದ ಹೇಳಿಕೊಳ್ಳುತ್ತಿದ್ದರು.

ಮರುವರ್ಷ ಅಂಗುಳಿನ ಆಪರೇಷನ್ ಆಯಿತು. ಮಾತಿನ ಅಭ್ಯಾಸಕ್ಕೆ ವಾರಕ್ಕೊಮ್ಮೆ ಪುತ್ತೂರಿಗೆ ಹೋಗುತ್ತಿದ್ದೆವು. ಕಲಿಸುವವರು ಮೊದಲ ದಿನವೇ ನನ್ನನ್ನು ಹೊರಗೆ ಕೂರಿಸಿದರು. ನಾನು ಪಕ್ಕದಲ್ಲಿದ್ದರೆ ಅವಳು ಬಾಯಿ ತೆರೆಯುವುದಿಲ್ಲವಂತೆ. ಒಳಗೆ ಅವಳು ಅಂಗೈ ಮೇಲಿನ ಕಾಗದದ ಚೂರುಗಳನ್ನು ಊದಿ ಹಾರಿಸುತ್ತ ಪ, ಬ ಎನ್ನುವುದು ಕೇಳಿಸುತ್ತಿತ್ತು. ತಿಂಗಳು ಕಳೆದಂತೆ ಅದು ನನಗೆ ಗುರುತಿಲ್ಲದ ಯಾರದೋ ದನಿಯಾಯಿತು.

ಈಗ ಕಡಬದಲ್ಲಿ ಅವಳದೇ ಹೊಲಿಗೆ ಅಂಗಡಿ ಇದೆ. ಅವಳ ಮಾತು ಎಲ್ಲರಿಗೂ ತಿಳಿಯುತ್ತದೆ. ಕಳೆದ ವರ್ಷ ಅಲ್ಲಿ ಕುಳಿತಿದ್ದಾಗ, ಆ ದಿನದ ಸುಳ್ಳಿನ ವಿಷಯ ತಡವರಿಸುತ್ತ ತೆಗೆದೆ. ಅವಳು ಮೆಷಿನ್ ನಿಲ್ಲಿಸಿದಳು.

"ನೆನಪುಂಟು. ನನ್ನಿಂದ ನಿನಗೂ ನಾಚಿಕೆ ಆಗ್ತದೆ ಅಂತ ಆವತ್ತೇ ಗೊತ್ತಾದ್ದು. ಅಲ್ಲಿವರೆಗೆ ಬೇರೆಯವರಿಗೆ ಮಾತ್ರ ಅಂತ ಎಣಿಸಿದ್ದೆ."

ತಪ್ಪಾಯಿತು ಎಂದೆ. ಆಗ ನೀನೂ ಸಣ್ಣವಳೇ ಅಲ್ವಾ ಎಂದಳು, ಸಿಟ್ಟಿಲ್ಲದೆ. ಅಷ್ಟರಲ್ಲಿ ರವಿಕೆ ಒಯ್ಯಲು ಒಬ್ಬರು ಬಂದರು. ತೋಳಿನ ಉದ್ದದ ಬಗ್ಗೆ ಅವರ ಜೊತೆ ಬಹಳ ಹೊತ್ತು ಮಾತಾಡಿದಳು. ನಾನು ಬಸ್ಸು ಹತ್ತುವವರೆಗೂ ನಮ್ಮ ನಡುವೆ ಆ ವಿಷಯ ಮತ್ತೆ ಬರಲಿಲ್ಲ.