ಎಣ್ಣೆ ಕೈ ಮುಟ್ಟಬಾರದ ಡಬ್ಬಿ

ನಮ್ಮ ಅತ್ತೆಯ ಬಲಗೈ ಉಗುರುಗಳಲ್ಲಿ ಉದ್ದಿನ ಹಿಟ್ಟು ಬೆಳ್ಳಗೆ ಒಣಗಿರುತ್ತಿತ್ತು, ಎಡಗೈ ಉಗುರುಗಳಲ್ಲಿ ಸೈಕಲ್ಲಿನ ಗ್ರೀಸು ಕಪ್ಪಗೆ ಕೂತಿರುತ್ತಿತ್ತು. ಅಡುಗೆಗೆ ಬಲಗೈ, ಸೈಕಲ್ಲಿಗೆ ಎಡಗೈ. ಸ್ಪ್ಯಾನರನ್ನು ಕೂಡ ಎಡಗೈಯಲ್ಲೇ ತಿರುಗಿಸುತ್ತಿದ್ದರು. ಮದುವೆಯಾಗಿ ಸಾಂತಾಕ್ರೂಜಿನ ಚಾಳಿಗೆ ಬಂದ ಹೊಸತರಲ್ಲಿ ಆ ಕೈ ನೋಡಿ ನನಗೆ ಹೇಸಿಗೆಯಾಗಿತ್ತು. ಸುಳ್ಳು ಯಾಕೆ ಹೇಳಲಿ?

ನಮ್ಮದು ಒಂದೇ ಖೋಲಿ. ಅದರಲ್ಲಿ ಅತ್ತೆ, ನಾನು, ನಮ್ಮವರು, ರುಬ್ಬುವ ಕಲ್ಲು, ಆಮೇಲೆ ಸೈಕಲ್ಲು. ಅತ್ತೆಯೂ ನಾನೂ ಬೆಳಿಗ್ಗೆ ಇಡ್ಲಿ ಬೇಯಿಸುತ್ತಿದ್ದೆವು. ನಮ್ಮವರು ಅದನ್ನು ಡಬ್ಬಗಳಲ್ಲಿ ತುಂಬಿ ಕ್ಯಾರಿಯರಿಗೆ ಕಟ್ಟಿ, ಕಾರ್ಖಾನೆಯ ಗೇಟಿನ ಹತ್ತಿರದ ಚಹಾ ಅಂಗಡಿಗೆ ಕೊಟ್ಟು ಬರುತ್ತಿದ್ದರು. ಮೂರು ಹೊಟ್ಟೆ ನಡೆಯುತ್ತಿದ್ದದ್ದು ಆ ಎರಡು ಚಕ್ರದ ಮೇಲೆ.

ಸೈಕಲ್ಲಿನ ಆರೈಕೆ ಪೂರಾ ಅತ್ತೆಯದು. "ಅವನಿಗೆ ತುಳಿಯುದು ಮಾತ್ರ ಗೊತ್ತು. ಹೊಟ್ಟೆ ತುಂಬಿಸುದು ನಾನು, ಗಾಳಿ ತುಂಬಿಸುದೂ ನಾನು" ಎನ್ನುತ್ತಿದ್ದರು. ಹಲಗೆಯ ಮೇಲೆ ಅವರದೊಂದು ಬಿಸ್ಕತ್ತಿನ ತಗಡಿನ ಡಬ್ಬಿ. ಅದರೊಳಗೆ ಪಂಕ್ಚರ್ ಅಂಟಿಸುವ ಸೊಲ್ಯೂಷನ್, ಮರಳುಕಾಗದ, ಹಳೆ ಟ್ಯೂಬಿನಿಂದ ಕತ್ತರಿಸಿಟ್ಟ ತುಂಡುಗಳು, ಎರಡು ಬಾಯಿಯ ಸ್ಪ್ಯಾನರ್. ಟಯರ್ ಎಬ್ಬಿಸಲು ಊಟದ ಎರಡು ಚಮಚಗಳ ಹಿಡಿಯನ್ನು ಕಲ್ಲಿಗೆ ಉಜ್ಜಿ ಚಪ್ಪಟೆ ಮಾಡಿಟ್ಟಿದ್ದರು. ಪಂಪು ಬಾಗಿಲ ಹಿಂದೆ, ಪೊರಕೆಯ ಪಕ್ಕ. ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ನೋಡಲು ಬೇರೆಯೇ ಬೋಗುಣಿ. ಒಮ್ಮೆ ನಾನು ಅದರಲ್ಲಿ ಅಕ್ಕಿ ತೊಳೆಯಲು ಹೊರಟೆ.

"ಏ, ಅದು ಟ್ಯೂಬಿನದ್ದು ಮಾರಾಯ್ತಿ! ನಾಳೆ ಇಡ್ಲಿ ಸೊಲ್ಯೂಷನ್ ನಾತ ಹೊಡೆದ್ರೆ ನಿನ್ನ ಅಪ್ಪ ಬಂದು ತಿಂತಾರಾ?"

ಅತ್ತೆಯ ಬಾಯಿ ಹಾಗೆ. ತವರಿನಲ್ಲಿ ಅಣ್ಣನ ಸೈಕಲ್ ತುಳಿಯುತ್ತಿದ್ದೆ ಎಂದು ನಾನು ಬಾಯಿಬಿಟ್ಟಾಗಲೂ, "ಅದನ್ನೆಲ್ಲ ಇಲ್ಲಿ ಹೇಳ್ಲಿಕ್ಕೆ ಹೋಗ್ಬೇಡ" ಎಂದು ಸುಮ್ಮನಾಗಿಸಿದ್ದರು.

ಅವರದೊಂದು ದೊಡ್ಡ ನಂಬಿಕೆ ತೆಂಗಿನೆಣ್ಣೆ. ಉಡುಪಿ ಕಡೆಯವರಿಗೆ ಅದೇನು ಹೊಸತಲ್ಲ. ತಲೆಗೆ, ದೀಪಕ್ಕೆ, ಒಗ್ಗರಣೆಗೆ, ಕಿರುಗುಟ್ಟುವ ಬಾಗಿಲಿಗೆ, ಸೈಕಲ್ ಚೈನಿಗೆ, ಎಲ್ಲಕ್ಕೂ ಒಂದೇ ಬಾಟಲಿ. ಒಂದು ವರ್ಷ ಆಯುಧಪೂಜೆಗೆ ಸೈಕಲ್ಲು ತೊಳೆದು, ಫಳಫಳ ಹೊಳೆಯಲಿ ಎಂದು ಚಕ್ರದ ಉಕ್ಕಿನ ಬಳೆಗಳಿಗೂ ಎಣ್ಣೆ ಉಜ್ಜಿದರು. ಬ್ರೇಕಿನ ರಬ್ಬರು ಹಿಡಿಯುವುದು ಅದೇ ಬಳೆಯನ್ನು. ಅದು ಅವರಿಗೂ ಗೊತ್ತು. ಆದರೆ ದೇವರ ಮುಂದೆ ನಿಲ್ಲಿಸುವ ಸಂಭ್ರಮದಲ್ಲಿ ಮರೆತುಹೋಯಿತು. ಹೂವು, ಕುಂಕುಮ, ಆರತಿ ಎಲ್ಲ ಆಯಿತು. ಸೈಕಲ್ಲು ಮದುಮಗನ ಹಾಗೆ ಕಾಣುತ್ತದೆ ಎಂದು ಚಾಳಿನವರು ಹೊಗಳಿಯೂ ಹೋದರು.

ಮರುದಿನ ಬೆಳಿಗ್ಗೆ ಚಾಳಿನ ಮುಂದಿನ ಇಳಿಜಾರಿನಲ್ಲಿ ನಮ್ಮವರು ಬ್ರೇಕ್ ಒತ್ತಿದರು. ಹಿಡಿಯಲಿಲ್ಲ. ಕೆಳಗಿನ ಗೋಡೆಗೆ ಹೋಗಿ ಬಡಿದರು. ಇಡ್ಲಿಯೆಲ್ಲ ಮಣ್ಣುಪಾಲು, ಮಣಿಕಟ್ಟು ಮುರಿದು ಕೈಗೆ ಪ್ಲಾಸ್ಟರು.

ಮಧ್ಯಾಹ್ನ ಚಹಾ ಅಂಗಡಿಯವನು ಬಂದ. ಪಾಪ, ಕೈ ನೋಡಿ ಮರುಗಿದ. ಹೋಗುವಾಗ ಮಾತ್ರ, "ಭಾಭೀ, ಕಲ್ ಸುಬಹ್ ಮಾಲ್ ನಹೀ ಆಯಾ ತೋ ಮೈ ದೂಸರೆ ಸೆ ಲೂಂಗಾ" ಎಂದ. ನಾಳೆ ಇಡ್ಲಿ ಬರದಿದ್ದರೆ ಬೇರೆಯವರ ಹತ್ತಿರ ತಗೊಳ್ಳುತ್ತಾನಂತೆ. ಅವನ ತಪ್ಪಲ್ಲ. ಗಿರಾಕಿಗಳಿಗೆ ಅವನೇನು ಪ್ಲಾಸ್ಟರ್ ತಿನ್ನಿಸುತ್ತಾನೆಯೇ?

ಅವನು ಹೋದ ಮೇಲೆ ಅತ್ತೆ ಸೈಕಲ್ಲಿನ ಹತ್ತಿರ ಕೂತು ಚಕ್ರದ ಬಳೆಯ ಮೇಲೆ ಬೆರಳೆಳೆದು ಮೂಸಿ ನೋಡಿದರು. ಎದ್ದು ಸೀಮೆಎಣ್ಣೆ ತಂದರು. ಬಟ್ಟೆಯಿಂದ ಉಜ್ಜಿ, ಸೋಪು ನೀರಿನಲ್ಲಿ ತೊಳೆದು, ಬ್ರೇಕಿನ ರಬ್ಬರನ್ನು ಮರಳುಕಾಗದದಿಂದ ಕೆರೆದರು. ಸೊಟ್ಟಗಾಗಿದ್ದ ಹ್ಯಾಂಡಲನ್ನು ಕಾಲಲ್ಲಿ ಒತ್ತಿ ನೆಟ್ಟಗೆ ಮಾಡಿದರು. ಕೈ ತೊಳೆದು ಬಂದು ದಿನದ ಹಾಗೆ ಹಿಟ್ಟು ರುಬ್ಬಲು ಕೂತರು.

"ಯಾರಿಗಾಗಿ ರುಬ್ಬುದು? ಕೊಂಡೋಗುವವರು ಯಾರು?" ಎಂದೆ. ನನಗೂ ಸಿಟ್ಟಿತ್ತು.

ಅವರು ಎದ್ದು, ಡಬ್ಬಿಯಿಂದ ಸ್ಪ್ಯಾನರ್ ತೆಗೆದು, ಸೈಕಲ್ಲಿನ ಸೀಟು ಸಡಿಲಿಸಿ ಕೆಳಕ್ಕೆ ಇಳಿಸಿದರು. ನನ್ನ ಸೊಂಟ ನೋಡಿ ಇನ್ನೂ ಒಂದಿಷ್ಟು ಇಳಿಸಿದರು.

"ನಿನಗೆ ಗೊತ್ತುಂಟಲ್ಲ?"

"ಜನ ಎಂತ ಹೇಳ್ತಾರೆ?"

"ಜನ ಇಡ್ಲಿ ತಿಂತಾರೆ."

ಬೆಳಿಗ್ಗೆ ನನ್ನ ಸೀರೆಗೆ ಅವರೇ ಕಚ್ಚೆ ಹಾಕಿದರು. ಖಾಲಿ ಸೈಕಲ್ಲನ್ನು ಚಾಳಿನ ಉದ್ದಕ್ಕೂ ತಳ್ಳುತ್ತಾ, ಬ್ರೇಕ್ ಹಿಡಿದು ನಿಲ್ಲಿಸುತ್ತಾ, ಮತ್ತೆ ತಳ್ಳುತ್ತಾ ನೋಡಿದರು. ನೀರು ತುಂಬಿಸಲು ನಿಂತಿದ್ದ ಮರಾಠಿ ನೆರೆಯವಳಿಗೆ ತಡೆಯಲಾಗಲಿಲ್ಲ.

"ಕಾಯ್ ಹೋ, ಸೂನ್ ಸೈಕಲ್ ಚಾಲವತೇ?" ಏನ್ರೀ, ಸೊಸೆ ಸೈಕಲ್ ಬಿಡ್ತಾಳಾ ಎಂದಳು.

"ಹೋ. ತುಮ್ಹಾಲಾ ಯೇತೇ ಕಾ?" ಹೌದು, ನಿಮಗೆ ಬರುತ್ತದಾ ಎಂದು ಅತ್ತೆ ಕೇಳಿದರು. ಅವಳು ಕೊಡ ಎತ್ತಿಕೊಂಡು ಹೋದಳು.

ಇಡ್ಲಿ ಡಬ್ಬ ಕಟ್ಟಿ ಹತ್ತಿದೆ. ಇಳಿಜಾರಿನಲ್ಲಿ ಅತ್ತೆ ಹಿಂದಿನಿಂದ ಕ್ಯಾರಿಯರ್ ಹಿಡಿದುಕೊಂಡೇ ಬಂದರು. ನಾನು ಬೀಳುತ್ತೇನೆಂದಲ್ಲ, ಬ್ರೇಕಿನ ಮೇಲೆ ಅವರಿಗೆ ನಂಬಿಕೆ ಇನ್ನೂ ಬಂದಿರಲಿಲ್ಲ. "ಒತ್ತು" ಎಂದರು, ಒತ್ತಿದೆ, ನಿಂತಿತು. ಮತ್ತೆ "ಒತ್ತು". ಮತ್ತೆ ನಿಂತಿತು. ಗೋಡೆಯ ಹತ್ತಿರ ಬಂದಾಗ ಏದುಸಿರು ಬಿಡುತ್ತಿದ್ದರು.

"ನನ್ನ ಎಣ್ಣೆ ಹೋಗಿದೆ. ನಡಿ" ಎಂದು ಕೈಬಿಟ್ಟರು.

ಕ್ಷಮೆ ಅಂತ ಅವರ ಬಾಯಿಂದ ಬಂದದ್ದು ಅಷ್ಟೇ. ನನಗೆ ಅಷ್ಟು ಸಾಕಾಯಿತು. ಅಂಗಡಿಯವನು ನನ್ನನ್ನು ನೋಡಿ ಕಣ್ಣು ಬಿಟ್ಟ, ಡಬ್ಬ ಮಾತ್ರ ಇಳಿಸಿಕೊಂಡ. ಪ್ಲಾಸ್ಟರ್ ಬಿಚ್ಚಿದ ಮೇಲೂ ನಮ್ಮವರು ಸೈಕಲ್ ಕೇಳಲಿಲ್ಲ, ನಾನು ಕೊಡಲೂ ಇಲ್ಲ. ಅವರು ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿದರು. ಆ ಸೀಟು ಮತ್ತೆ ಮೇಲೇರಲಿಲ್ಲ.

ಅಂದಿನಿಂದ ಹೊಸ ಮಡಿಯೊಂದು ಶುರುವಾಯಿತು. ತೆಂಗಿನೆಣ್ಣೆ ಮುಟ್ಟಿದ ಕೈ ಸೋಪು ಹಾಕಿ ತೊಳೆಯದೆ ಆ ಬಿಸ್ಕತ್ತಿನ ಡಬ್ಬಿ ಮುಟ್ಟಬಾರದು. ದೇವರ ಮನೆಗೂ ಅಷ್ಟು ಕಟ್ಟುನಿಟ್ಟು ಇರಲಿಲ್ಲ. ತಲೆ ಬಾಚಿ ಬಂದು ಡಬ್ಬಿಗೆ ಕೈ ಹಾಕಿದರೆ ಸಾಕು, "ಕೈ?" ಎನ್ನುತ್ತಿದ್ದರು.

ಕೆಲವು ವರ್ಷಗಳ ಮೇಲೆ, ಮಳೆಗಾಲದ ಜ್ವರದಲ್ಲಿ ಅತ್ತೆ ಹೋದರು. ಮೀಯಿಸುವಾಗ ಎಡಗೈ ಉಗುರಿನ ಕಪ್ಪು ಹೋಗಲಿಲ್ಲ. ಯಾರೋ ಉಜ್ಜಲು ಬಂದರು, ಇರಲಿ ಬಿಡಿ ಎಂದೆ.

ಸೂತಕ ಕಳೆದ ಮೇಲೆ ನೋಡಿದರೆ ಎರಡೂ ಚಕ್ರಗಳ ಗಾಳಿ ಇಳಿದು ಸೈಕಲ್ಲು ನೆಲಕ್ಕೆ ಕೂತಿತ್ತು. ಅಷ್ಟು ದಿನಗಳ ಮೇಲೆ ತಲೆಗೆ ಎಣ್ಣೆ ಹಾಕಿಕೊಂಡಿದ್ದೆ. ಹಲಗೆಯ ಮೇಲಿನ ಡಬ್ಬಿಗೆ ಕೈ ಚಾಚಿದವಳು ಹಾಗೇ ನಿಂತೆ. ಖೋಲಿಯಲ್ಲಿ "ಕೈ?" ಎಂದು ಕೇಳುವವರು ಯಾರೂ ಇರಲಿಲ್ಲ.

ಬಚ್ಚಲ ಮೋರಿಗೆ ಹೋಗಿ ಸೋಪು ಹಾಕಿ ಕೈ ತೊಳೆದು ಬಂದೆ. ಆಮೇಲೆ ಡಬ್ಬಿ ಇಳಿಸಿದೆ.