ನೆನೆದ ಹುಲ್ಲಿನ ತೂಕ

ಕಂಪ್ಲಿಯಲ್ಲಿ ನನ್ನ ಸೋದರತ್ತೆ ನಡೆಸುವ ಅಕ್ಕಿ ಗಿರಣಿಯ ಅಂಗಳದಲ್ಲಿ ಲಾರಿ ತೂಗುವ ವೇಬ್ರಿಜ್ ಇದೆ. ಭತ್ತದ ಲಾರಿ, ತೌಡಿನ ಲಾರಿ, ಹೊಟ್ಟು ತುಂಬಿದ ಟ್ರ್ಯಾಕ್ಟರ್ ಬಿಟ್ಟು ಬೇರೊಂದು ಅದರ ಮೇಲೆ ನಿಂತದ್ದನ್ನು ನಾನು ಮೊದಲು ನೋಡಿದ್ದು ಮಾಮನ ಕುದುರೆಯನ್ನು ತೂಗಿದ ದಿನ.

ಮುಂಗಾಲಿಟ್ಟ ಕೂಡಲೇ ಕಬ್ಬಿಣದ ಹಲಗೆ ಕೆಳಗಿನ ಟೊಳ್ಳಿಗೆ ದನಿಗೂಡಿಸಿ ಗುಂಯ್ ಎಂದಿತು. ಕುದುರೆ ಹಿಂದಕ್ಕೆ ಸರಿಯಿತು. ಹಗ್ಗ ಹಿಡಿದಿದ್ದ ಹಮಾಲರು ಎಳೆದರು. ಅದು ಕತ್ತೆತ್ತಿ ನಿಂತಿತು. ಆಗ ಮಾಮ ಕೋಲೂರಿಕೊಂಡು ಹಲಗೆಯ ಆಚೆ ಬದಿಗೆ ಹೋಗಿ, ಖಾಲಿ ಅಂಗೈಯನ್ನು ಬೆಲ್ಲ ಹಿಡಿದವರಂತೆ ಚಾಚಿ, "ಬಾರವ್ವ, ಬಾ" ಎಂದರು. ಕುದುರೆ ನಾಲ್ಕೂ ಕಾಲು ಮೇಲಿಟ್ಟಿತು. ಅದರ ಕುತ್ತಿಗೆ ಸವರಲು ಮಾಮನೂ ಒಂದು ಹೆಜ್ಜೆ ಮೇಲೇರಿದರು.

ತೂಕದ ಕೋಣೆಯ ಕಿಟಕಿಯಿಂದ ಅತ್ತೆ ಕೂಗಿದರು: "ನೀವು ಇಳೀರಿ ಕೆಳಗ! ನಿಮ್ಮ ತೂಕನೂ ಕುದುರಿ ಲೆಕ್ಕಕ್ಕ ಬಂದ್ರ ನಿಮ್ಮ ಪಾಲಿನ ಮೇವೂ ಅದಕ್ಕ ಹಾಕಬೇಕಾಗ್ತತಿ."

"ನಂಗೆಲ್ಲೈತಿ ಮೇವು? ನೀ ಅಳದು ಹಾಕೋದು ಒಂದು ಸೌಟು ಅನ್ನ," ಎನ್ನುತ್ತಾ ಮಾಮ ಇಳಿದರು.

ನಾಲ್ಕು ಕ್ವಿಂಟಲ್‌ಗಿಂತ ಸ್ವಲ್ಪ ಹೆಚ್ಚು ಬಂತು. ಲಾರಿ ತೂಗುವ ಯಂತ್ರ, ಹತ್ತು ಕಿಲೋ ಆಚೀಚೆ ಹೋಗುತ್ತದೆ. ಅತ್ತೆ ಕುದುರೆಯನ್ನು ಕೆಳಗಿಳಿಸಿ ಇನ್ನೊಮ್ಮೆ ಹತ್ತಿಸಿ ತೂಗಿಸಿದರು. ಎರಡನೆಯ ಸಲವೂ ಅಷ್ಟೇ ಬಂದ ಮೇಲೆ ಒಪ್ಪಿಕೊಂಡರು.

ನಾನು ಹೊಸಪೇಟೆಯಲ್ಲಿ ಪತ್ರಿಕೆಯ ಕೆಲಸದಲ್ಲಿರುವವನು. ರಜೆಯ ದಿನ ಕಂಪ್ಲಿ ಬಸ್ಸು ಹತ್ತುವುದು ರೂಢಿ. ಆ ಮನೆಯಲ್ಲಿ ಗಿರಣಿ ಅತ್ತೆಯದು, ಗದ್ದೆ ಮಾಮನದು ಎಂಬ ಹಂಚಿಕೆ ನಾನು ಕಂಡಾಗಿನಿಂದ ಇದೆ. ಮಾಮ ಪ್ರತಿದಿನ ಬೆಳಿಗ್ಗೆ ಕುದುರೆ ಏರಿ ಕಾಲುವೆಯ ಏರಿಯ ಮೇಲೆ ಹೋಗಿ ಭತ್ತ, ಕಬ್ಬು ನೋಡಿಕೊಂಡು ಬರುತ್ತಿದ್ದರು. ಬೈಕು ಕೊಡಿಸುತ್ತೇನೆಂದು ಅತ್ತೆ ಹೇಳಿದ್ದುಂಟು. "ಬೈಕು ನನ್ನ ಗುರ್ತು ಹಿಡಿತದೇನು?" ಎಂದು ಅವರು ಕೇಳಿದ್ದರು.

ಸೊಂಟದ ಆಪರೇಷನ್ ಆದ ಮೇಲೆ ಅವರು ಜೀನಿನ ಮೇಲೆ ಕೂರುವಂತಿರಲಿಲ್ಲ. ಕುದುರೆ ಲಾಯದಲ್ಲೇ ಉಳಿಯಿತು. ದುಡಿಮೆ ನಿಂತರೂ ಮೇವು ನಿಲ್ಲಲಿಲ್ಲ. ನೆನೆಸಿದ ಕಡಲೆ, ಗಿರಣಿಯ ತೌಡು, ಗದ್ದೆಯಿಂದ ಕಬ್ಬಿನ ಸೋಗೆ, ಎಲ್ಲ ಮೊದಲಿನಂತೆಯೇ. ಹೊಸಪೇಟೆಯ ವೈಷ್ಣವ ಸ್ನೇಹಿತರ ಮನೆಯಿಂದ ಹಯಗ್ರೀವ ಬಂದರೆ ಅದರಲ್ಲೂ ಒಂದು ಪಾಲು. ಕುದುರೆ ಮುಖದ ದೇವರ ಹೆಸರಿನ ಸಿಹಿಯನ್ನು ಕುದುರೆಗೇ ಕೊಡದೆ ತಿನ್ನುವುದು ಹೇಗೆ ಎನ್ನುವುದು ಮಾಮನ ವಾದ. ಕುದುರೆ ಮೈ ತುಂಬಿ ದುಂಡಗಾಯಿತು. ಬಂದವರೆಲ್ಲ ಚೆನ್ನಾಗಿ ಸಾಕಿದ್ದೀರಿ ಎಂದರು.

ಒಂದು ಬೆಳಿಗ್ಗೆ ಅದು ಮುಂಗಾಲುಗಳ ಮೇಲೆ ಭಾರ ಹಾಕಲಾರದೆ, ಮೈಯನ್ನೆಲ್ಲ ಹಿಂದಕ್ಕೆ ವಾಲಿಸಿಕೊಂಡು ನಿಂತಿತ್ತು. ಹೊಸಪೇಟೆಯಿಂದ ಪಶುವೈದ್ಯೆ ಬಂದು ಗೊರಸು ಮುಟ್ಟಿ ನೋಡಿದರು. ಬಿಸಿಯಾಗಿತ್ತು.

"ತಿಂದದ್ದು ಹೆಚ್ಚಾಗಿ ಗೊರಸಿನ ಒಳಗೆ ಉರಿ ಬಂದಿದೆ," ಎಂದರು ಅವರು. "ಈ ಸಲ ಔಷಧಿಯಿಂದ ಇಳಿಯುತ್ತೆ. ಮೈ ಕರಗದೆ ಮತ್ತೊಮ್ಮೆ ಹೀಗಾದರೆ ಗೊರಸಿನೊಳಗಿನ ಎಲುಬು ತಿರುಗಬಹುದು. ತಿರುಗಿದರೆ ನಾನು ಬರಬೇಕಾದ್ದು ಕೊನೆಯ ಇಂಜೆಕ್ಷನ್ ಕೊಡೋದಕ್ಕೆ."

ಮಾಮ ಲಾಯದಿಂದ ಹೊರಗೆ ಹೋದರು. ಅವರು ಒಳಗೆ ಬರುವ ತನಕ ಅತ್ತೆ ವೈದ್ಯೆಗೆ ಮಾತು ಮುಂದುವರಿಸಲು ಬಿಡಲಿಲ್ಲ. "ಅವರೂ ಕೇಳಲಿ ತಡೀರಿ," ಎಂದರು.

ವೈದ್ಯೆ ಹೇಳಿದ್ದು ಸರಳವಾಗಿತ್ತು. ಕಡಲೆ, ತೌಡು, ಸೋಗೆ, ಬೆಲ್ಲ ಬಂದ್. ಬರೀ ಒಣ ಹುಲ್ಲು. ಮೈತೂಕದ ಒಂದು ಕ್ವಿಂಟಲ್‌ಗೆ ದಿನಕ್ಕೆ ಒಂದೂವರೆ ಕಿಲೋ. ಅದನ್ನು ನಾಲ್ಕು ಹೊತ್ತಿಗೆ ಹಂಚಿ ಕೊಡಬೇಕು. ಹುಲ್ಲಿನಲ್ಲೂ ಸಿಹಿ ಇರುತ್ತದೆ, ಆದ್ದರಿಂದ ನೀರಲ್ಲಿ ನೆನೆಸಿ, ಬಸಿದು ಕೊಡಬೇಕು. ಹೊರಡುವಾಗ ಅವರು ಇನ್ನೊಂದು ಮಾತು ಸೇರಿಸಿದರು: "ಕಡಿಮೆ ಮಾಡಿ ಅಂದೆ ಅಂತ ಉಪವಾಸ ಕೆಡವಬೇಡಿ. ಕುದುರೆಗೆ ಅದೂ ಅಪಾಯ."

ವೇಬ್ರಿಜ್ ನಾಲ್ಕು ಕ್ವಿಂಟಲ್ ಹೇಳಿದ್ದರಿಂದ ದಿನಕ್ಕೆ ಆರು ಕಿಲೋ ಎಂದಾಯಿತು. ಅತ್ತೆ ಭತ್ತದ ಹುಲ್ಲನ್ನು ಎಮ್ಮೆಗಳಿಗೆ ಬಿಟ್ಟು, ಸಂಡೂರಿನ ಕಡೆಯಿಂದ ಬೆಟ್ಟದ ಒಣ ಹುಲ್ಲು ತರಿಸಿದರು. ಯಶವಂತನಗರದ ಅದಿರಿನ ಲಾರಿಗಳ ರಸ್ತೆಯಲ್ಲಿ ಕೆಂಪು ಧೂಳು ಹೊತ್ತು ಬಂದ ಹುಲ್ಲು. ತೊಟ್ಟಿಗೆ ಹಾಕಿದರೆ ನೀರು ಕುಂಕುಮ ಕದಡಿದಂತೆ ಕೆಂಪಾಗುತ್ತಿತ್ತು. ಚೀಲ ತೂಗುವ ಸಣ್ಣ ಕಾಟಾದಲ್ಲಿ ಮೊದಲು ಹುಲ್ಲು ತೂಗಿ, ತೊಟ್ಟಿಯಲ್ಲಿ ನೆನೆಸಿ, ಹಗ್ಗದ ಬಲೆಯಲ್ಲಿ ಬಸಿದು ಗೋದಲಿಗೆ ಹಾಕುವ ವ್ಯವಸ್ಥೆ ಮಾಡಿದರು. ಗಿರಣಿಯಲ್ಲಿ ಇಪ್ಪತ್ತು ಕೆಲಸ ಬಿದ್ದಿದ್ದರೂ ತೂಗುವಾಗ ತಾವೇ ಬಂದು ನಿಲ್ಲುತ್ತಿದ್ದರು. ಮನೆಯಲ್ಲಿ ಆ ಕುದುರೆಯ ಬಗ್ಗೆ ಅವರು ಒಂದು ಪ್ರೀತಿಯ ಮಾತಾಡಿದ್ದನ್ನು ನಾನು ಕೇಳಿಲ್ಲ. ಕಾಟಾದ ಮುಂದೆ ಅವರು ನಿಲ್ಲುವ ರೀತಿ ಮಾತ್ರ ನೋಡಿದ್ದೇನೆ.

ಕೆಲವು ವಾರ ಬಿಟ್ಟು ಮತ್ತೆ ತೂಗಿಸಿದಾಗ ಕುದುರೆಯ ತೂಕ ಇಳಿದೇ ಇರಲಿಲ್ಲ. ಅಂದು ನಾನೂ ಅಲ್ಲೇ ಊಟಕ್ಕೆ ಕೂತಿದ್ದೆ. ರೊಟ್ಟಿ ಮುರಿಯಲು ಮಾಮ ಕೈ ಚಾಚಿದಾಗ ಅಂಗಿಯ ತೋಳಿನಿಂದ ಒಂದು ಹುಲ್ಲುಕಡ್ಡಿ ತಟ್ಟೆಗೆ ಬಿತ್ತು. ತೋಳು ಮೊಳಕೈವರೆಗೆ ಒದ್ದೆಯಾಗಿತ್ತು.

"ತೊಟ್ಟಿಗೆ ಕೈ ಹಾಕಿದ್ರೇನು?" ಅತ್ತೆ ಕೇಳಿದರು.

"ನೀರು ಭಾಳ ತಣ್ಣಗೈತೇನೋ ಅಂತ ನೋಡಿದೆ."

"ನೀರು ನೋಡಾಕ ಹೋದಾವ್ರು ಎಷ್ಟು ಹಿಡಿ ಹುಲ್ಲು ಹಾಕಿದ್ರಿ?"

ಮಾಮ ನನ್ನ ಕಡೆ ತಿರುಗಿದರು. "ನೋಡಪ ತಮ್ಮಾ, ನಿಮ್ಮ ಪೇಪರ್‌ನ್ಯಾಗ ಹಾಕು. ಹೆಂಡ್ತಿ ಪೊಲೀಸ್ ಆಗ್ಯಾಳ ಅಂತ."

ಅತ್ತೆ ನಗಲಿಲ್ಲ. "ಆಕಿ ಕಾಲು ಮತ್ತ ಹೋದ್ರ ನೀವ ಹಗ್ಗ ಹಿಡಿದು ನಿಂದರಬೇಕಾಗ್ತತಿ, ಡಾಕ್ಟರಮ್ಮ ಸೂಜಿ ಚುಚ್ಚೋ ಮುಂದ. ನನ್ನ ಕೈಲಿ ಆಗಂಗಿಲ್ಲ." ಮಾಮ ತಟ್ಟೆಯಲ್ಲಿದ್ದ ಹುಲ್ಲುಕಡ್ಡಿಯನ್ನು ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ, ಕುದುರೆಯ ಆಣೆ, ಇನ್ನು ಒಂದು ಕಡ್ಡಿ ಹಾಕುವುದಿಲ್ಲ ಎಂದರು.

ಆಣೆಯ ಮೇಲೆ ಬಿಟ್ಟು ಸುಮ್ಮನಿರುವ ಜನ ಅತ್ತೆಯಲ್ಲ. ಗಿರಣಿಯಲ್ಲಿ ಮಾಲು ಗೇಟು ದಾಟುವ ಹೊತ್ತಿಗೆ ಕೊನೆಯ ತೂಕ ಆಗುತ್ತದೆ. ನಡುವೆ ಯಾರೂ ಕೈಯಾಡಿಸದಂತೆ. ಅದೇ ನಿಯಮವನ್ನು ಲಾಯಕ್ಕೂ ತಂದರು. ಕಾಟಾವನ್ನು ತೊಟ್ಟಿಯ ಪಕ್ಕದಿಂದ ಎತ್ತಿಸಿ ಲಾಯದ ಬಾಗಿಲಿಗೆ ತೂಗುಹಾಕಿಸಿದರು. ಹುಲ್ಲು ನೆನೆದು, ಬಸಿದು, ಬಾಗಿಲಿಗೆ ಬಂದ ಮೇಲೆ ತೂಕ. ಅಲ್ಲಿಂದ ನೇರ ಗೋದಲಿಗೆ. "ತೂಕ ಅಂದ್ರ ತೂಕ," ಎಂದರು. ಅಲ್ಲಿದ್ದ ಎಲ್ಲರಿಗೂ ಅದು ಸರಿ ಎನಿಸಿತು. ನನಗೂ.

ಅದಾದ ಮೇಲೆ ನಾನು ಹೋದಾಗ ಕುದುರೆಯ ಮೈ ಇಳಿದಿತ್ತು, ಆದರೆ ಕೂದಲ ಹೊಳಪೂ ಹೋಗಿತ್ತು. ಗೋದಲಿಯ ಅಂಚಿನ ಮರವನ್ನು ಕೆರೆದಿತ್ತು. ಬಾಗಿಲ ಬಳಿ ಹಾಸಿದ್ದ ಗೋಣಿಚೀಲವನ್ನು ಹಲ್ಲಿನಿಂದ ಎಳೆದು ಜಗಿಯುತ್ತಿತ್ತು.

"ಚೀಲ ತಿನ್ನಾಕತ್ತಾಳ ನೋಡು," ಎಂದರು ಮಾಮ. "ನನ್ನ ಕುದುರಿ ಚೀಲ ತಿನ್ನಾಕತ್ತೈತಿ."

"ಕಡ್ಲಿ ಬಿಡಿಸಿದ್ದಕ್ಕ ಸಿಟ್ಟು," ಎಂದರು ಅತ್ತೆ. "ನಿಮಗ ಸಕ್ಕರಿ ಬಿಡಿಸಿದಾಗ ನೀವು ಮಾಡಿದ್ದು ಕಡಿಮಿ ಏನ್ರಿ? ಪೂರಾ ಆರು ಕಿಲೋ ಹಾಕಾಕತ್ತೀನಿ. ನನ್ನ ಕಣ್ಣ ಮುಂದ."

ಮಾಮ ಆಣೆ ಮಾಡಿದ್ದರಿಂದ ಲಾಯದ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು, ಕೈಗಳನ್ನು ಕೋಲಿನ ಮೇಲಿಟ್ಟು ಕೂತಿದ್ದರು.

ಅದು ಭತ್ತ ಬರುವ ಕಾಲ. ಮಧ್ಯಾಹ್ನ ಅಂಗಳದಲ್ಲಿ ರೈತರೊಬ್ಬರು ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದರು. ಅತ್ತೆ ಒಂದು ಹಿಡಿ ಭತ್ತ ತೆಗೆದು ತೇವ ಅಳೆಯುವ ಮೀಟರಿಗೆ ಹಾಕಿ ನೋಡಿ ತಲೆಯಾಡಿಸಿದರು.

"ತೇವ ಭಾಳ ಐತ್ರಿ. ತೂಕದಾಗ ಕಡಿತ ಮಾಡಬೇಕಾಗ್ತತಿ."

"ಅಕ್ಕಾರ, ಮೂರು ಬಿಸಲು ಕಾಸಿ ತಂದೀನ್ರಿ. ನಿಮ್ಮ ಮೀಟರ್‌ಗ ನೆಗಡಿ ಆಗೈತೇನ್ ನೋಡ್ರಿ."

"ಮೀಟರ್‌ಗ ನೆಗಡಿ ಆಗಿಲ್ಲ, ನಿಮ್ಮ ಭತ್ತಕ್ಕ ಆಗೈತಿ. ಇದನ್ನ ಹಿಂಗ ತೂಗಿದ್ರ ನೀರೂ ಕೂಡಿ ತೂಗಿದಂಗ ಅಲ್ಲೇನು? ಒಣಗಿದ ಮ್ಯಾಲೆ ಎಷ್ಟು ಉಳಿತತಿ? ನೀರಿನ ತೂಕ ಯಾರ ಹೊಟ್ಟಿ ತುಂಬಿಸ್ತತಿ..."

ಅಲ್ಲಿಗೆ ಅತ್ತೆ ನಿಲ್ಲಿಸಿದರು. ಮೀಟರ್ ಕೈಯಲ್ಲೇ ಇತ್ತು. ತಾವು ಗೆದ್ದೆವೆಂದುಕೊಂಡ ರೈತರು, "ಅದನ್ನ ನಾನೂ ಹೇಳೋದು," ಎಂದರು, ಏನನ್ನು ಹೇಳುತ್ತಿದ್ದೇವೆಂದು ತಿಳಿಯದೆ. ಅತ್ತೆ ಅವರನ್ನು ನೋಡುತ್ತಿರಲಿಲ್ಲ. ಅಂಗಳದ ಆಚೆ ಲಾಯದ ಬಾಗಿಲಲ್ಲಿ ತೂಗುತ್ತಿದ್ದ ಕಾಟಾವನ್ನು ನೋಡುತ್ತಿದ್ದರು.

ನೇರ ಅಲ್ಲಿಗೆ ನಡೆದರು. ನಾನು ಹಿಂದೆ ಹೋದೆ, ರೈತರೂ ಬಂದರು. ಅತ್ತೆ ಒಂದು ಕಟ್ಟು ಒಣ ಹುಲ್ಲು ತರಿಸಿ ತೂಗಿದರು. ಅದನ್ನು ತೊಟ್ಟಿಗೆ ಹಾಕಿ, ದಿನವೂ ನೆನೆಸುವಷ್ಟು ಹೊತ್ತು ನೆನೆಸಿ, ಬಲೆಯಲ್ಲಿ ಬಸಿದು, ಮತ್ತೆ ತೂಗಿದರು. ಒಣ ತೂಕದ ಎರಡರಷ್ಟಕ್ಕೂ ಹೆಚ್ಚು ಬಂತು. ಅಂದರೆ ಬಾಗಿಲಿಗೆ ಕಾಟಾ ಬಂದಂದಿನಿಂದ ಕುದುರೆಗೆ ಸಿಗುತ್ತಿದ್ದ ಆರು ಕಿಲೋದಲ್ಲಿ ಅರ್ಧಕ್ಕಿಂತ ಹೆಚ್ಚು ತೊಟ್ಟಿಯ ಕೆಂಪು ನೀರು. ಜೀವಮಾನವೆಲ್ಲ ಭತ್ತದ ತೇವ ಕಳೆದು ತೂಕ ಹೇಳಿದ ಕೈ, ಹುಲ್ಲಿನ ತೇವ ಕಳೆಯುವುದನ್ನು ಮರೆತಿತ್ತು.

"ತಪ್ಪು ನಂದು," ಎಂದರು ಅತ್ತೆ. ಗಂಡನ ಎದುರು, ಹಮಾಲರ ಎದುರು, ಕಡಿತಕ್ಕೆ ಚೌಕಾಸಿ ಮಾಡಲು ಬಂದಿದ್ದ ರೈತರ ಎದುರು. "ಆಕಿ ಸಿಟ್ಟು ಮಾಡಿಲ್ಲ. ಹಸದಾಳ."

ಪತ್ರಿಕೆಯಲ್ಲಿ ನಾವು ತಿದ್ದುಪಡಿಯನ್ನು ಒಳಪುಟದ ಕೆಳಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕುತ್ತೇವೆ. ಅವರು ಅಂಗಳದ ನಡುವೆ ನಿಂತು, ಗಿರಣಿಯ ಸದ್ದಿನ ಮೇಲೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ನಂತರ ಫೋನಿನಲ್ಲಿ ವೈದ್ಯೆಗೂ ಅದೇ ಮಾತು, ಒಂದು ಶಬ್ದ ಮೆತ್ತಗೆ ಮಾಡದೆ.

ಮಾಮ ಆಗಲೇ ಎದ್ದು ಎರಡು ಕೈತುಂಬ ಹುಲ್ಲು ಎತ್ತಿದ್ದರು. ಅತ್ತೆ ಫೋನನ್ನು ಕಿವಿಗಿಟ್ಟುಕೊಂಡೇ ಅವರ ತೋಳು ಹಿಡಿದರು. "ಒಮ್ಮೆಗೇ ಬ್ಯಾಡಂತ. ದಿನಾ ಒಂದಿಷ್ಟು ಏರಿಸ್ಕೋಂತ ಆರು ಕಿಲೋಕ್ಕ ಹೋಗ್ಬೇಕಂತ. ಜಲ್ದಿ ಮಾಡಿದ್ರ ಹೊಟ್ಟಿ ಕೆಡ್ತತಂತ." ಮಾಮ ಒಂದು ಕೈಯ ಹುಲ್ಲನ್ನು ಕೆಳಗಿಟ್ಟರು. ಇನ್ನೊಂದು ಕೈಯದನ್ನು ಕುದುರೆ ಅಷ್ಟರಲ್ಲೇ ಕಿತ್ತುಕೊಂಡಿತ್ತು.

ಮರುದಿನ ವೈದ್ಯೆ ಬಂದು, ಹಸಿವಿನಿಂದ ಒಳಗೆ ಏನಾದರೂ ಕೆಟ್ಟಿದೆಯೇ ಎಂದು ನೋಡಲು ರಕ್ತ ತೆಗೆದುಕೊಂಡು ಹೋದರು. ಗೊರಸು ತಣ್ಣಗಿತ್ತು. ಪರೀಕ್ಷೆಯ ಫಲ ಬರುವ ತನಕ ಅತ್ತೆ ಗಿರಣಿಯಲ್ಲಿ ಯಾರ ಮೇಲೂ ದನಿ ಎತ್ತಲಿಲ್ಲವೆಂದು ಹಮಾಲರು ನನಗೆ ಹೇಳಿದರು. ಹಮಾಲರಿಗೆ ಆ ಮೆತ್ತನೆ ದನಿಯೇ ಹೆದರಿಕೆ ಹುಟ್ಟಿಸಿತ್ತಂತೆ. ಫಲ ಚೆನ್ನಾಗಿ ಬಂತು. ಇನ್ನೂ ಸ್ವಲ್ಪ ದಿನ ಹಾಗೆಯೇ ನಡೆದಿದ್ದರೆ ಮಾತು ಬೇರೆಯಾಗುತ್ತಿತ್ತು ಎಂದರು ವೈದ್ಯೆ.

ಆ ಸಂಜೆ ಅತ್ತೆ ಕಾಟಾವನ್ನು ಬಾಗಿಲಿಂದ ಬಿಚ್ಚಿಸಿ ಮತ್ತೆ ತೊಟ್ಟಿಯ ಪಕ್ಕ, ಒಣ ಹುಲ್ಲಿನ ಕಡೆಗೆ ಹಾಕಿಸಿದರು. ಮಾಮನಿಗೆ ಹೇಳಿದರು: "ಇನ್ನ ಮ್ಯಾಲೆ ನೀವ ತೂಗ್ರಿ. ನಾ ಗಿರಣಿ ನೋಡ್ಕೋತೀನಿ."

"ನನ್ನ ಮ್ಯಾಲೆ ನಂಬಿಕಿ ಐತೇನು ನಿಂಗ?"

"ಐತಿ. ಆಣಿ ಮಾಡಿದ ಮ್ಯಾಲೆ ನೀವು ಕದ್ದು ಹಾಕಿದ್ರ ಆಕಿ ಚೀಲ ಯಾಕ ತಿಂತಿದ್ಲು?"

ಮಾಮ ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. ಆಮೇಲೆ ಕಾಟಾದ ಕೊಕ್ಕೆ ಸರಿಯಾಗಿದೆಯೇ ಎಂದು ಎಳೆದು ನೋಡಿದರು.

ಮೊನ್ನೆ ಹೋದಾಗ ಮಳೆ ನಿಂತು ಅಂಗಳ ಮೆತ್ತಗಾಗಿತ್ತು. ಕುದುರೆ ಅದರ ಮೇಲೆ ಮುಂಗಾಲು ಊರಿ ನಡೆದಾಡಿಕೊಂಡಿತ್ತು. ಕೈಯಿಂದ ಒತ್ತಿದರೆ ಪಕ್ಕೆಲುಬು ಸಿಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ವೈದ್ಯೆ ಹೇಳಿದ್ದು ಹಾಗೆಯೇ ಇರಬೇಕೆಂದು. ಮಾಮ ಮಧ್ಯಾಹ್ನದ ಪಾಲು ತೂಗುತ್ತಿದ್ದರು. ಮುಳ್ಳು ಗೆರೆಗಿಂತ ಒಂದಿಷ್ಟು ಮುಂದೆ ಹೋಯಿತು. ಅವರು ಒಂದು ಹಿಡಿ ಹುಲ್ಲು ತೆಗೆದರು.

ತೌಡಿನ ಕೋಣೆಯಿಂದ ಬರುತ್ತಿದ್ದ ಅತ್ತೆ ನೋಡಿ ನಿಂತರು. "ಒಂದು ಹಿಡಿ ಹೋಗ್ಲಿ ಬಿಡ್ರಿ. ಇವತ್ತು ಅಮಾಸಿ."

"ತೂಕ ಅಂದ್ರ ತೂಕ," ಎಂದರು ಮಾಮ. ಹಿಡಿ ಹುಲ್ಲನ್ನು ತಿರುಗಿ ಒಣ ಹುಲ್ಲಿನ ಕಟ್ಟಿನೊಳಗೆ ಸೇರಿಸಿ, ಹಗ್ಗ ಬಿಗಿದರು. ಕುದುರೆಯ ಕತ್ತು ಅವರ ಕೈಯ ಜೊತೆಗೇ ಅತ್ತ ತಿರುಗಿತು.